ಕೆಂಪು ಚೀಲದ ಪಾಲು

ಒಂದು ರೇಷನ್ ಕಾರ್ಡಿಗೆ ಒಂದೇ ಚೀಲ ಎಂದು ಹೇಮಾ ಹೇಳಿದಾಗ ಸರೋಜವ್ವನಿಗೆ ಒಳಗೊಳಗೇ ಖುಷಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣ ಮಾಡುತ್ತಿದ್ದರು. ಮನೆಯಲ್ಲಿ ಎರಡು ಒಲೆ ಉರಿಯತೊಡಗಿ ವರ್ಷಗಳಾಗಿದ್ದರೂ ಕಾರ್ಡು ಮಾತ್ರ ಒಂದೇ ಉಳಿದಿತ್ತು. ಗಂಡುಮಕ್ಕಳು ಇಬ್ಬರು, ಬರುವ ಚೀಲ ಒಂದು. ಅಂದಮೇಲೆ ಪಾಲು ಮಾಡಬೇಕು. ಪಾಲು ಮಾಡುವುದೆಂದರೆ ಸರೋಜವ್ವನಿಗೆ ಹಬ್ಬವಿದ್ದ ಹಾಗೆ.

ಹೇಮಾ ಹಾನಗಲ್ಲಿನ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಹುಡುಗಿ. ಮಳೆಗಾಲ ಶುರುವಾಗುವ ಮೊದಲು ಹಳ್ಳದ ದಂಡೆಯ ಮನೆಗಳನ್ನೆಲ್ಲ ಸುತ್ತಿ, ನೀರು ಏರಿದರೆ ಏನು ಮಾಡಬೇಕು, ಮೊದಲೇ ಏನೇನು ಕಟ್ಟಿಟ್ಟುಕೊಂಡಿರಬೇಕು ಎಂದು ತಿಳಿಸಿ ಹೇಳುತ್ತಿದ್ದಳು. ಅಕ್ಕಿಆಲೂರಿಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಒಂದು ಗಿಡ್ಡ ಸೇತುವೆ ಇದೆ. ಅದರ ಈಚೆ, ಹೊಲದ ನಡುವೆ, ಸರೋಜವ್ವನ ಮನೆ ಒಂದೇ. ಹೇಮಾ ತಂದ ಕೆಂಪು ಚೀಲದಲ್ಲಿ ಒಂದು ಬ್ಯಾಟರಿ, ಅದಕ್ಕೆ ಶೆಲ್ಲು, ಒಂದು ಸೀಟಿ, ಗಾಯಕ್ಕೆ ಸುತ್ತುವ ಪಟ್ಟಿ, ಮುಲಾಮು, ನೀರಿಗೆ ಹಾಕುವ ಗುಳಿಗೆ, ಮುಚ್ಚಳವಿದ್ದ ಖಾಲಿ ಕ್ಯಾನು, ಮತ್ತೆ ಒಂದು ನೀಲಿ ನೈಲಾನ್ ಹಗ್ಗ ಇದ್ದವು. ಅವಲಕ್ಕಿ, ಬೆಲ್ಲ, ಕಡ್ಡಿಪೆಟ್ಟಿಗೆ, ಒಂದೊಂದು ಜೊತೆ ಬಟ್ಟೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಝೆರಾಕ್ಸು, ದಿನಾ ನುಂಗುವ ಔಷಧಿ, ಇವನ್ನು ಮನೆಯವರೇ ತುಂಬಿಕೊಳ್ಳಬೇಕು. ತುಂಬಿದ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೇ ನೇತು ಹಾಕಬೇಕು, ಪೆಟ್ಟಿಗೆಯಲ್ಲಿ ಇಡಬಾರದು.

ಹಗ್ಗದ ಬಳಕೆ ತೋರಿಸಲು ಹೇಮಾ ಎಲ್ಲರನ್ನೂ ಹಳ್ಳಕ್ಕೆ ಕರೆದೊಯ್ದಿದ್ದಳು. ಆಗ ಹಳ್ಳದಲ್ಲಿ ಎಮ್ಮೆಯ ಹೊಟ್ಟೆ ತೊಯ್ಯುವಷ್ಟೂ ನೀರಿರಲಿಲ್ಲ. ಕ್ಯಾನನ್ನು ಹಗ್ಗದ ತುದಿಗೆ ಬಿಗಿದು ಬೀಸಿ ಒಗೆದಳು. ಅದು ಆಚೆ ದಂಡೆಯ ಹುಲ್ಲಿನ ಮೇಲೆ ಹೋಗಿ ಬಿತ್ತು, ಈಚೆ ಅವಳ ಕೈಯಲ್ಲಿ ಇನ್ನೂ ಒಂದೆರಡು ಮಾರು ಉಳಿದಿತ್ತು.

ದೊಡ್ಡ ಮಗ ದ್ಯಾಮಪ್ಪನಿಗೂ ಸಣ್ಣ ಮಗ ಶರಣುವಿಗೂ ಆ ಹಗ್ಗದ ಮೇಲೆ ಕಣ್ಣು ಬಿದ್ದದ್ದು ಆಗಲೇ. ಅದಕ್ಕೆ ಕಾರಣವೂ ಇತ್ತು. ಎತ್ತು ಮಾರಿ, ಬಾವಿ ಮುಚ್ಚಿ, ಬೋರು ಕೊರೆಸಿದ ಮೇಲೆ ಆ ಮನೆಯಲ್ಲಿ ಉದ್ದನೆಯ ಹಗ್ಗ ಎಂಬುದೇ ಇರಲಿಲ್ಲ. ಇದೋ, ಹೊಚ್ಚ ಹೊಸದು, ಕೊಳೆಯುವ ಮಾತಿಲ್ಲ, ಹೊಟ್ಟು ಹೇರಿದ ಬಾಡಿಗೆ ಗಾಡಿಗೆ ಬಿಗಿಯಲು ಹೇಳಿ ಮಾಡಿಸಿದ್ದು. ಪ್ರವಾಹದ ಚಿಂತೆ ಇಬ್ಬರಿಗೂ ಇರಲಿಲ್ಲ ಬಿಡಿ.

ಹಗ್ಗ ಒಗೆದು ತೋರಿಸಿ ಎಲ್ಲರೂ ಮನೆಗೆ ಬಂದ ಮೇಲೆ ಸರೋಜವ್ವ ಪಡಸಾಲೆಯಲ್ಲಿ ಕಾಲು ನೀಡಿ ಕೂತಳು. ಸವಣೂರಿನ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು ಚೀಲವನ್ನು ಮುಂದಕ್ಕೆ ಎಳೆದುಕೊಂಡಳು. ಅವಳು ಈ ಠೀವಿಯಲ್ಲಿ ಕೂತಳೆಂದರೆ ತಹಶೀಲ್ದಾರನೂ ಎದ್ದು ನಿಲ್ಲಬೇಕು.

"ಯವ್ವ, ಹಗ್ಗ ನನ್ನ ಕಡೆ ಇರಲಿ," ಎಂದ ದ್ಯಾಮಪ್ಪ. "ಹಳ್ಳದ ಕಡಿ ಬಾಗಿಲಾ ನಂದು. ಬೇಕಾದಾಗ ಅವನೂ ತಗೊಳ್ಳಲಿ, ನಾ ಏನ ಬ್ಯಾಡ ಅಂತೇನಿ?"

"ಯಾಕ, ನನ್ನ ಕಡೆ ಇದ್ರ ನೀ ತಗೋಬಾರದೇನು?" ಎಂದ ಶರಣು.

ಇಷ್ಟಕ್ಕೇ ಇಬ್ಬರ ಕುತ್ತಿಗೆಯ ನರ ಉಬ್ಬಿದವು. ಹೇಮಾ ಗಾಬರಿಯಾಗಿ ನಡುವೆ ಬಾಯಿ ಹಾಕಿದಳು.

"ಅಜ್ಜಿ, ಇದು ಹಂಚಿಕೊಳ್ಳೂ ಸಾಮಾನಲ್ಲರಿ. ಇಡೀ ಚೀಲ ನಿಮ್ಮ ಖೋಲ್ಯಾಗ ಇಟ್ಟಬಿಡ್ರಿ. ಯಾರಿಗೆ ತ್ರಾಸಾದ್ರೂ ನೀವ ಕೊಡ್ರಿ."

"ನನ್ನ ಖೋಲ್ಯಾಗ ಇಟ್ಟರ ಅದು ಯಾರ ಪಾಲೂ ಆಗಲಿಲ್ಲಲ್ಲವಾ," ಎಂದಳು ಸರೋಜವ್ವ. "ನಾಳೆ ನಾ ಕಣ್ಣ ಮುಚ್ಚಿದ ಮ್ಯಾಲೆ ಇದಕ್ಕೂ ಹೊಡದಾಡ್ತಾರ. ನೀ ಸುಮ್ನ ಕುಂದರು. ಈ ಮನಿ ನನಗ ಗೊತ್ತೈತಿ."

ಆ ಮನೆ ಅವಳಿಗೆ ಗೊತ್ತಿತ್ತು, ಸುಳ್ಳಲ್ಲ. ಗಂಡ ತೀರಿಕೊಂಡಾಗ ಹೊಲ, ಮನೆ, ಪಾತ್ರೆ ಪಡಗ ಎಲ್ಲವನ್ನೂ ಅವಳೇ ಎರಡು ಮಾಡಿದ್ದಳು. ಜಂಬಗಾರ್ತಿ. ಒಂದು ಹಿತ್ತಾಳೆ ಕೊಡ ಎರಡಾಗಲಿಲ್ಲವೆಂದು ಅದನ್ನು ಇಬ್ಬರಿಗೂ ಕೊಡದೆ ಬಸವಣ್ಣನ ಗುಡಿಗೆ ದಾನ ಮಾಡಿದ್ದಳು. ಊರವರು ನ್ಯಾಯಕ್ಕೆ ಸರೋಜವ್ವನನ್ನು ಕರೆಯಬೇಕು ಎನ್ನುತ್ತಿದ್ದರು. ಅವಳು ಆ ಹೊಗಳಿಕೆಯನ್ನು ಎಲೆಯಡಿಕೆಯ ಜೊತೆ ಜಗಿಯುತ್ತಿದ್ದಳು.

ಒಳಗಿನ ಮಾತು ಬೇರೆಯೇ ಇತ್ತು. ಅವಳ ಜೀವವೆಲ್ಲ ಸಣ್ಣವನ ಮೇಲೆ. ಶರಣು ಹುಟ್ಟಿದ ದಿನದಿಂದ ಹಾಗೆಯೇ. ದ್ಯಾಮಪ್ಪನನ್ನು ಸಾಕಿದಳು, ಶರಣುವನ್ನು ಮುದ್ದು ಮಾಡಿದಳು. ಇದು ಎಲ್ಲಿ ಯಾರ ಕಣ್ಣಿಗೆ ಬೀಳುತ್ತದೋ ಎಂಬ ಅಂಜಿಕೆಗೆ ಬೆಲ್ಲದ ಅಚ್ಚನ್ನೂ ನಡುವೆ ಒಡೆದು, ತೂಗಿ, ಎತ್ತಿ ತೋರಿಸಿ ಕೊಡುತ್ತಿದ್ದಳು. ಸಣ್ಣವನಿಗೆ ಒಂದು ತುತ್ತು ಹೆಚ್ಚು ಕೊಡಬೇಕೆಂಬ ಆಸೆಯನ್ನು ಅದುಮಿ ಅದುಮಿ ಅವಳ ಕೈ ತಕ್ಕಡಿಯೇ ಆಗಿಹೋಗಿತ್ತು. ದ್ಯಾಮಪ್ಪನಿಗೆ ಏನೂ ಗೊತ್ತಿಲ್ಲ ಎಂದು ತಿಳಿದಿದ್ದಳು. ಮಕ್ಕಳಿಗೆ ಇಂಥದ್ದು ಗೊತ್ತಾಗದೆ ಇರುತ್ತದೆ ಎಂದು ತಾಯಂದಿರು ಮಾತ್ರ ನಂಬುತ್ತಾರೆ.

ಅವಳು ಪಾಲು ಮಾಡಿದಳು. ಬ್ಯಾಟರಿ ದೊಡ್ಡವನಿಗೆ, ಅದರ ಶೆಲ್ಲು ಸಣ್ಣವನಿಗೆ. ಮುಲಾಮು ದೊಡ್ಡವನಿಗೆ, ಪಟ್ಟಿ ಸಣ್ಣವನಿಗೆ. ಚೀಲ ಸಣ್ಣವನಿಗೆ ಹೋಯಿತು, ಅದಕ್ಕೆ ಬದಲಾಗಿ ಕ್ಯಾನು ದೊಡ್ಡವನಿಗೆ. ಸೀಟಿ ಸಣ್ಣವನಿಗೆ, ಗುಳಿಗೆ ದೊಡ್ಡವನಿಗೆ. ಕೊನೆಗೆ ಹಗ್ಗ ಕೈಗೆತ್ತಿಕೊಂಡು ಮಾರು ಹಾಕಿ ಅಳೆದಳು, ಎರಡು ತುದಿ ಕೂಡಿಸಿ ಹಿಡಿದಳು, ನಡು ಬಂದಲ್ಲಿ ಕುಡಗೋಲು ಇಟ್ಟಳು.

"ಅಜ್ಜಿ, ಕೊಯ್ಯಬ್ಯಾಡ್ರಿ," ಎಂದಳು ಹೇಮಾ. ಹುಡುಗಿಗೆ ಅಳುವೇ ಬಂದಿತ್ತು. "ಹಳ್ಳ ತುಂಬಿದ್ರ ಅರ್ಧ ಹಗ್ಗ ನಡಕ ಸೈತ ಮುಟ್ಟಂಗಿಲ್ಲ. ಶೆಲ್ಲಿಲ್ಲದ ಬ್ಯಾಟರಿ ತಗೊಂಡು ಅವರಾರ ಏನ ಮಾಡ್ತಾರ?"

"ಬೇಕಾದಾಗ ಒಬ್ಬರನ್ನೊಬ್ಬರು ಕೇಳಿ ಇಸ್ಕೊಳ್ಳಲಿ," ಎಂದಳು ಸರೋಜವ್ವ. "ಅಣ್ಣತಮ್ಮರು ಮಾತಾಡಾಕ ಅದಾರ ಒಂದು ನೆಪ ಆಗ್ತೈತಿ."

ಕುಡಗೋಲು ಹರಿತವಾಗಿತ್ತು. ಹಗ್ಗ ಎರಡಾಯಿತು. ಹೇಮಾ ತಲೆ ತಗ್ಗಿಸಿಕೊಂಡು ಸ್ಕೂಟಿ ಹತ್ತಿದಳು. ಸರೋಜವ್ವನಿಗೆ ಮಾತ್ರ ಬಹಳ ದಿನಗಳ ಮೇಲೆ ಮೈ ಹಗುರಾಗಿತ್ತು.

ಕೇಳಿ ಇಸ್ಕೊಳ್ಳುವ ಮಾತು ಹೇಳಿದಳಲ್ಲ, ಅದಕ್ಕೆ ಬೇಲಿ ಹಾಕಿದವಳೂ ಅವಳೇ. ಹಿಂದಿನ ವರ್ಷ ಶರಣು ಅಣ್ಣನ ಸಲಿಕೆಯನ್ನು ಕೇಳದೆ ಒಯ್ದು ಕಾಲುವೆ ತಿರುವಿದ್ದ. ದ್ಯಾಮಪ್ಪ ಅದೇ ಸಲಿಕೆಯ ಹಿಡಿಕೆಯಿಂದ ತಮ್ಮನ ತಲೆ ಒಡೆದಿದ್ದ. ಅಕ್ಕಿಆಲೂರಿನಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ದಿನವೇ ಸರೋಜವ್ವ ಇಬ್ಬರನ್ನೂ ದೇವರ ಜಗಲಿಯ ಮುಂದೆ ನಿಲ್ಲಿಸಿ, ಅಂಗೈಯಲ್ಲಿ ವಿಭೂತಿ ಇಟ್ಟು, ಆಣೆ ಮಾಡಿಸಿದ್ದಳು. ಒಬ್ಬನ ಪಾಲಿನ ವಸ್ತುವನ್ನು ಇನ್ನೊಬ್ಬ ಅವನ ಬಾಯಿಂದ ಹೂಂ ಅನ್ನಿಸಿಕೊಳ್ಳದೆ ಮುಟ್ಟಬಾರದು. ಮುಟ್ಟಿದವನು ಸರೋಜವ್ವನ ಹೆಣಕ್ಕೆ ಮಣ್ಣು ಹಾಕಬಾರದು. ತಾಯಿಯ ಕುಣಿಗೆ ಒಂದು ಹಿಡಿ ಮಣ್ಣು ಹಾಕುವ ಹಕ್ಕು ಹೋಯಿತೆಂದರೆ ಗಂಡುಮಗನಿಗೆ ಊರಲ್ಲಿ ತಲೆ ಎತ್ತಲು ಬರುವುದಿಲ್ಲ. ಆಣೆ ನಾಟಿತು. ಅಂದಿನಿಂದ ಮನೆಗೆ ಎರಡು ಬೀಗ ಬಂದವು.

ಶರಣುವಿನ ಹೆಂಡತಿ ವಾಣಿಶ್ರೀ ಕೆಂಪು ಚೀಲವನ್ನು ಶ್ರದ್ಧೆಯಿಂದ ತುಂಬಿದಳು. ಅವಲಕ್ಕಿ ಹುರಿದು ಡಬ್ಬಿಗೆ ಹಾಕಿದಳು, ಶೇಂಗಾ ಚಟ್ನಿಪುಡಿ ಕಟ್ಟಿದಳು, ಕಡ್ಡಿಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದಳು, ತನ್ನ ಪಾಲಿನ ಅರ್ಧ ಹಗ್ಗವನ್ನು ಸಿಂಬೆ ಸುತ್ತಿ ಮೇಲೆಯೇ ಇಟ್ಟಳು. ದ್ಯಾಮಪ್ಪನ ಹೆಂಡತಿ ಮಂಜವ್ವ ಹಿರೇಕೆರೂರ ಕಡೆಯವಳು, ಅವಳು ಗೊಬ್ಬರದ ಖಾಲಿ ಚೀಲದಲ್ಲಿ ಶೆಲ್ಲಿಲ್ಲದ ಬ್ಯಾಟರಿಯನ್ನೂ ಕ್ಯಾನನ್ನೂ ಅರ್ಧ ಹಗ್ಗವನ್ನೂ ತುರುಕಿ ಮೂಲೆಗೆ ಎಸೆದಳು. ತನ್ನ ಬಟ್ಟೆ ಯಾರೂ ಕಟ್ಟಬಾರದು ಎಂದು ಸರೋಜವ್ವ ಇಬ್ಬರು ಸೊಸೆಯರಿಗೂ ಹೇಳಿದ್ದಳು. ಒಬ್ಬಳು ಕಟ್ಟಿ ಒಬ್ಬಳು ಬಿಟ್ಟರೆ ಸರಿ ಹೋಗುವುದಿಲ್ಲವಲ್ಲ.

ಸೀಟಿಗೆ ಮಾತ್ರ ಕೂಡಲೇ ಕೆಲಸ ಸಿಕ್ಕಿತು. ದ್ಯಾಮಪ್ಪನ ಆಕಳು ಬದುವಿನಾಚೆ ಮೂತಿ ಚಾಚಿದರೆ ಸಾಕು, ಶರಣು ಸದಾ ಕೊರಳಿಗೆ ಕಟ್ಟಿಕೊಂಡಿರುತ್ತಿದ್ದ ಸೀಟಿ ಊದುತ್ತಿದ್ದ. ಮಂಜವ್ವ ಮುಸುರೆ ನೀರು ಚೆಲ್ಲಿದ್ದು ಗೆರೆ ದಾಟಿದರೆ ಸೀಟಿ. ದ್ಯಾಮಪ್ಪ ಅಂಗಳದಲ್ಲಿ ಜೋರಾಗಿ ಆಕಳಿಸಿದರೂ ಸೀಟಿ. ಹುಡುಗಾಟಿಕೆಯ ಮನುಷ್ಯ ಶರಣು. ಸರೋಜವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ದ್ಯಾಮಪ್ಪ ನಗುತ್ತಿರಲಿಲ್ಲ. ತಾಯಿಯ ಸೆರಗು ಮಾತ್ರ ನೋಡುತ್ತಿದ್ದ.

ಶ್ರಾವಣದಲ್ಲಿ ಒಂದು ಸಂತೆಯ ದಿನ. ವಾಣಿಶ್ರೀ ಬಸುರಿ ತಂಗಿಯ ಕುಬಸಕ್ಕೆಂದು ಹುಲಗೂರಿಗೆ ಹೋಗಿದ್ದಳು. ಶರಣು ಮನೆಗೆ ಬೀಗ ಜಡಿದು, ಚಾವಿ ಕಿಸೆಗೆ ಹಾಕಿಕೊಂಡು, ಸಂತೆಗೆ ಹೋದವನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೇತುವೆಯ ಮೇಲೆ ನಡೆದು ಬರುತ್ತಿದ್ದ. ಮನೆಯ ಮೇಲೆ ಬರೀ ಜಿಟಿಜಿಟಿ ಮಳೆ. ಮೇಲಿನ ಊರುಗಳಲ್ಲಿ ಏನು ಸುರಿದಿತ್ತೋ, ಹಳ್ಳ ಒಮ್ಮೆಲೇ ಕೆಂಪಗೆ ಉಕ್ಕಿ ಬಂತು.

ಸೀಟಿ ಕೇಳಿದಾಗ ದ್ಯಾಮಪ್ಪ ಪಡಸಾಲೆಯಲ್ಲಿ ಉಣ್ಣುತ್ತಿದ್ದ. ತಾಯಿಯ ಊಟ ಆ ಹೊತ್ತು ದೊಡ್ಡವನ ಮನೆಯಲ್ಲಿ. ಸರೋಜವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಶರಣ್ಯಾ ಯಾಕೋ ಸೀಟಿ ಊದಾಕತ್ತಾನ."

"ನಿಮ್ಮ ಆಕಳ ಎಲ್ಲೆರ ಹೋಗೈತೇನ ನೋಡ್ರಿ," ಎಂದಳು ಮಂಜವ್ವ ಗಂಡನಿಗೆ.

"ಆಕಳ ಗ್ವಾದ್ಲ್ಯಾಗ ಮೇವು ತಿನ್ನಾಕತ್ತೈತಿ," ಎಂದ ದ್ಯಾಮಪ್ಪ. "ಊದಲಿ. ಪಾಲಿಗೆ ಬಂದದ್ದು, ಊದಿ ಸವೆಸ್ಲಿ."

ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡ. ಸೀಟಿ ನಿಲ್ಲಲಿಲ್ಲ. ಎಂದಿನ ಕೀಟಲೆಯ ಉದ್ದ ಸೀಟಿ ಅದಲ್ಲ, ತುಂಡು ತುಂಡಾಗಿ, ಉಸಿರು ಸಿಕ್ಕಷ್ಟು ಊದಿದ ಹಾಗಿತ್ತು. ಸರೋಜವ್ವ ಉಣ್ಣುವ ಕೈಯಲ್ಲೇ ಎದ್ದು ಹೊರಗೆ ಬಂದಳು. ಸೇತುವೆ ಕಾಣಲಿಲ್ಲ. ಅದರ ಮೇಲೆ ನೀರು ಹರಿಯುತ್ತಿತ್ತು. ಸ್ವಲ್ಪ ಕೆಳಗೆ, ಹಳ್ಳದ ನಡುವೆ ಮುಳುಗಿದ್ದ ಹೊಂಗೆ ಮರದ ಕೊಂಬೆಗೆ ಅವಳ ಸಣ್ಣ ಮಗ ತೋಳು ಸಿಕ್ಕಿಸಿ ನೇತಾಡುತ್ತಿದ್ದ.

ಅವಳು ಚೀರಿದ್ದಕ್ಕೆ ದ್ಯಾಮಪ್ಪ ಬಂದ. ಕಂಡದ್ದೇ ತಡ ಅವನೂ ಓಡಿದ, ಓಡಲಿಲ್ಲವೆಂದರೆ ಅವನಿಗೆ ಅನ್ಯಾಯವಾದೀತು. ಗೊಬ್ಬರದ ಚೀಲ ಕೊಡವಿ, ತನ್ನ ಪಾಲಿನ ಹಗ್ಗಕ್ಕೆ ಕ್ಯಾನು ಬಿಗಿದು, ದಂಡೆಯಲ್ಲಿ ನಿಂತು ಬಲವಾಗಿ ಬೀಸಿ ಒಗೆದ. ಕ್ಯಾನು ಮರದಿಂದ ಎಷ್ಟೋ ಈಚೆ ಬಿದ್ದು ಕೊಚ್ಚಿಕೊಂಡು ದಂಡೆಗೇ ಬಂತು. ಇನ್ನೊಮ್ಮೆ ಒಗೆದ, ಅಷ್ಟೇ. ಮಂಜವ್ವ ಒಣಹಾಕಿದ್ದ ಸೀರೆ ತಂದಳು, ಅದನ್ನು ಹಗ್ಗಕ್ಕೆ ಕಟ್ಟಿ ಒಗೆದರು. ತೊಯ್ದ ಸೀರೆ ಭಾರವಾಗಿ ಕಾಲ ಬುಡದಲ್ಲೇ ಬಿತ್ತು. ಆಚೆ ದಂಡೆಯಲ್ಲಿ ಸಂತೆಯಿಂದ ಮರಳಿದ ಇಬ್ಬರು ಹೆಂಗಸರು ಬುಟ್ಟಿ ಇಳಿಸಿ ಫೋನು ಕಿವಿಗಿಟ್ಟುಕೊಂಡು ಕೂಗಾಡುತ್ತಿದ್ದರು. ಹಾನಗಲ್ಲಿನಿಂದ ಗಾಡಿ ಬರಬೇಕು, ಬರುವತನಕ ಆ ಕೊಂಬೆ ಇರಬೇಕು, ಆ ತೋಳೂ ಇರಬೇಕು.

"ಇನ್ನ ಅರ್ಧ ಹಗ್ಗ ಅವನ ಮನ್ಯಾಗ ಐತಿ," ಎಂದಳು ಸರೋಜವ್ವ. "ಕೀಲಿ ಮುರಿ ಹೋಗು, ದ್ಯಾಮಾ. ಬಾಗಲದಾಗ ಗೂಟಕ್ಕ ಐತಿ."

ದ್ಯಾಮಪ್ಪ ಹಗ್ಗ ಎಳೆದುಕೊಳ್ಳುತ್ತಿದ್ದವನು ಹಾಗೆಯೇ ನಿಂತ.

"ಅವನ ಮನಿ ಕೀಲಿ ನನಗ ಮುಟ್ಟಾಕ ಬರಂಗಿಲ್ಲಬೇ."

"ಏನಂದಿ?"

"ಇಬತ್ತಿ ಕೈಯಾಗಿಟ್ಟು ಆಣಿ ಮಾಡಿಸಿದ್ದಿ. ಅವನ ಬಾಯಿಂದ ಹೂಂ ಅನಿಸ್ಕೋಬೇಕು. ಆ ನೀರಿನ ಸಪ್ಪಳದಾಗ ಹೆಂಗ ಅನಿಸ್ಕೊಳ್ಳಿ? ಮುಟ್ಟಿದ್ರ ನಿನಗ ಮಣ್ಣ ಹಾಕಂಗಿಲ್ಲ. ನಾ ಹಿರೇಮಗ ಅದೇನಿ. ಮಣ್ಣು ನಾ ಹಾಕಬೇಕು."

ಸರೋಜವ್ವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಹೆದರಿಯೂ ಇರಲಿಲ್ಲ.

"ಆಣಿ ಹಾಕಿದಾಕಿ ನಾನ, ತಗದಾಕಿನೂ ನಾನ," ಎಂದಳು. "ನನ್ನ ಹೆಣ ನಾಯಿ ತಿನ್ನಲಿ. ಓಡಪಾ."

ದ್ಯಾಮಪ್ಪ ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. "ಖರೇ ಹೇಳಬೇ. ಆ ನೀರಾಗ ನಾ ಇದ್ದು, ದಂಡಿ ಮ್ಯಾಲೆ ಅಂವ ಇದ್ದಿದ್ರ, ಆಣಿ ತಗೀತಿದ್ದೇನು?"

ತಗೀತಿದ್ದೆ ಎಂದರೆ ಮುಗಿಯುತ್ತಿತ್ತು. ಸುಳ್ಳೋ ಖರೆಯೋ, ತಟ್ಟನೆ ಒಂದು ಮಾತು ಬಂದಿದ್ದರೆ ಅವನು ಓಡುತ್ತಿದ್ದನೋ ಏನೋ. ಆದರೆ ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಇಂಥ ಹೊತ್ತಿನಲ್ಲಿ ಕೇಳಿದ್ದ. ಅವಳ ಬಾಯಿ ತೆರೆಯಿತು, ಮಾತು ಬರುವುದಕ್ಕೆ ಒಂದು ಗಳಿಗೆ ತಡವಾಯಿತು. ಆ ಗಳಿಗೆಯನ್ನು ದ್ಯಾಮಪ್ಪ ಪೂರ್ತಿ ನೋಡಿದ.

"ತಗೀತಿದ್ನೋ ನನ್ನಪ್ಪಾ," ಎಂದಳು ಆಮೇಲೆ.

"ಹಂಗಾರ ನೀನ ಓಡಿ ತಗೊಂಬಾ," ಎಂದ ಅವನು. ಮಂಜವ್ವ ಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದಳು, ಗಂಡ ತಿರುಗಿ ನೋಡಿದ್ದಕ್ಕೆ ಅಲ್ಲೇ ನಿಂತುಬಿಟ್ಟಳು.

ಸರೋಜವ್ವ ಓಡಿದಳು. ಮೊಣಕಾಲು ನೋವಿನ ಮುದುಕಿ ಕೆಸರಲ್ಲಿ ಓಡುವುದೆಂದರೆ ಅದೇನು ಓಟ. ಬಿದ್ದಳು, ಎದ್ದಳು, ಅಂಗೈ ಊರಿ ಏರಿ ಹತ್ತಿದಳು. ಬೆನ್ನ ಹಿಂದೆ ಸೀಟಿ ಕೇಳುತ್ತಿತ್ತು. ಅದು ಕೇಳುವತನಕ ಮಗ ಇದ್ದಾನೆ. ಹಾರೆ ದ್ಯಾಮಪ್ಪನ ಪಾಲಿನದು, ಅವನ ಬಾಗಿಲ ಹಿಂದೆಯೇ ಇತ್ತು, ಅದು ಅವಳಿಗೆ ನೆನಪಾಗಲೇ ಇಲ್ಲ. ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗುಂಡುಕಲ್ಲು ಬಿದ್ದಿತ್ತು. ಅದನ್ನು ಎದೆಗವಚಿಕೊಂಡು ತಂದು ಬೀಗದ ಮೇಲೆ ಹಾಕಿದಳು. ಬೀಗ ಗಟ್ಟಿಯಿತ್ತು. ಒಳ್ಳೆಯ ಬೀಗವನ್ನೇ ತಾ ಎಂದು ಇಬ್ಬರಿಗೂ ಹೇಳಿದವಳು ಅವಳೇ. ಮತ್ತೆ ಎತ್ತಿ ಹಾಕಿದಳು, ಬೆರಳು ಜಜ್ಜಿತು. ಅದರ ನಂತರ ಸೀಟಿ ಕೇಳಿಸಲಿಲ್ಲ. ದಣಿದಿರಬೇಕು, ಉಸಿರು ಉಳಿಸಿಕೊಳ್ಳುತ್ತಿರಬೇಕು ಎಂದುಕೊಂಡು ಅವಳು ಇನ್ನಷ್ಟು ಜೋರಾಗಿ ಹೊಡೆದಳು. ಬೀಗ ಮುರಿಯಲಿಲ್ಲ, ಚಿಲಕವೇ ಕಿತ್ತು ಬಂತು.

ಕೆಂಪು ಚೀಲ ಗೂಟದಲ್ಲಿತ್ತು. ನೆಲದ ಮೇಲೆ ಸುರುವಿದಳು. ಹಗ್ಗ ಮೊದಲು ಬಿತ್ತು, ಹಿಂದೆಯೇ ಅವಲಕ್ಕಿ ಡಬ್ಬಿ, ಶೆಲ್ಲು, ಮತ್ತೆ ಮಡಿಚಿದ ಒಂದು ಇಳಕಲ್ ಸೀರೆ. ಅವಳದೇ ಸೀರೆ. ಬೇಡವೆಂದರೂ ವಾಣಿಶ್ರೀ ಕದ್ದು ಕಟ್ಟಿಟ್ಟಿದ್ದಳು. ಅದನ್ನು ದಾಟಿ ಸರೋಜವ್ವ ಹೊರಗೆ ಓಡಿದಳು.

ದಂಡೆಗೆ ಬಂದಾಗ ಕಣ್ಣಿಗೆ ಮಳೆ ಬಡಿಯುತ್ತಿತ್ತು, ಹಳ್ಳದಲ್ಲಿ ಮರ ಯಾವುದು ಮನುಷ್ಯ ಯಾವುದು ತಿಳಿಯುತ್ತಿರಲಿಲ್ಲ. ಅವಳು ಎರಡು ತುದಿ ಹಿಡಿದು ಗಂಟು ಹಾಕಲು ನೋಡಿದಳು. ಜಜ್ಜಿದ ಬೆರಳು ಕೇಳಲಿಲ್ಲ.

"ಕೊಡ ಇಲ್ಲೆ," ಎಂದ ದ್ಯಾಮಪ್ಪ.

ಅವನು ಗಂಟು ಹಾಕಿದ. ಅವಸರವಿಲ್ಲದೆ, ಎಳೆದು ನೋಡಿ, ಇನ್ನೊಂದು ಸುತ್ತು ಕೊಟ್ಟು ಹಾಕಿದ. ಕೂಡಿದ ಹಗ್ಗವನ್ನು ಬೀಸಿ ಒಗೆದ. ಕ್ಯಾನು ಮೇಲೆದ್ದು, ಮಳೆಯಲ್ಲಿ ಹಾಯ್ದು, ಹೊಂಗೆ ಕೊಂಬೆಯ ಆಚೆ ಬಿದ್ದಿತು. ಅವನ ಕಾಲ ಬಳಿ ಹಗ್ಗ ಇನ್ನೂ ಉಳಿದಿತ್ತು. ಕ್ಯಾನು ಕೊಂಬೆಗೆ ತಾಗಿ ಅಲ್ಲೇ ಕುಣಿಯತೊಡಗಿತು. ಅದನ್ನು ಹಿಡಿಯುವ ಕೈ ಅಲ್ಲಿ ಇರಲಿಲ್ಲ.

ಮಂಜವ್ವ ಕೆಸರಲ್ಲಿ ಕುಕ್ಕರಿಸಿ ಮುಖ ಮುಚ್ಚಿಕೊಂಡಿದ್ದಳು. ಆಚೆಯ ಹೆಂಗಸರು ಕೂಗುವುದನ್ನು ಎಂದೋ ಬಿಟ್ಟಿದ್ದರು. ಆಗ ಸರೋಜವ್ವನಿಗೆ ತಿಳಿಯಿತು. ಶರಣು ಹೋದದ್ದನ್ನು ಇವರೆಲ್ಲ ನೋಡಿದ್ದರು, ದ್ಯಾಮಪ್ಪನೂ ನೋಡಿದ್ದ. ನೋಡಿಯೂ ಗಂಟು ಹಾಕಿದ್ದ, ಒಗೆದಿದ್ದ, ಹಗ್ಗ ಎಲ್ಲಿಯವರೆಗೆ ಮುಟ್ಟುತ್ತಿತ್ತು ಎಂಬುದನ್ನು ಅವಳ ಕಣ್ಣಿಗೆ ತೋರಿಸಿದ್ದ. ಅವಳಿಗೆ ಅಳು ಬರಲಿಲ್ಲ. ನಿಂತಲ್ಲೇ ನಿಂತಳು.

ದ್ಯಾಮಪ್ಪ ಹಗ್ಗ ಎಳೆದುಕೊಂಡ. ಕ್ಯಾನು ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ದಂಡೆಯ ಕಲ್ಲಿನ ಮೇಲೆ ಕೂತು ನಡುವಿನ ಗಂಟಿಗೆ ಕೈ ಹಾಕಿದ. ನೀರು ಕುಡಿದ ನೈಲಾನು ಬಿಗಿದುಕೊಂಡಿತ್ತು. ಉಗುರಿನಿಂದ ಕೆದಕಿದ, ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದ. ಮಂಜವ್ವ ಬೆರಳ ಸಂದಿಯಿಂದ ಗಂಡನನ್ನು ನೋಡಿ, ನೋಡಲಾಗದೆ ಮತ್ತೆ ಮುಖ ಮುಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ ಗಂಟು ಬಿಟ್ಟಿತು. ತನ್ನ ತುಂಡನ್ನು ಸಿಂಬೆ ಸುತ್ತಿ ಹೆಗಲಿಗೆ ಹಾಕಿಕೊಂಡ. ಇನ್ನೊಂದನ್ನೂ ಅಷ್ಟೇ ಅಚ್ಚುಕಟ್ಟಾಗಿ ಸುತ್ತಿ ತಾಯಿಯ ಮುಂದೆ ಹಿಡಿದ.

"ತಗೋ ಯವ್ವ. ಇದು ಅವನ ಪಾಲು. ವಾಣಿಶ್ರೀ ಬಂದ ಮ್ಯಾಲೆ ಆಕಿ ಕೈಯಾಗ ಕೊಡು. ನನ್ನ ಕಡೆ ಉಳೀತು ಅಂತ ನಾಳೆ ಮಾತು ಬರಬಾರದು."

ಸರೋಜವ್ವ ಕೈ ಚಾಚಿ ತಗೊಂಡಳು.